ವೈಮಾನಿಕ ಶಿಲ್ಪಿ ಇಗೋರ್ ಸಿಕೋರ್ಸ್ಕಿ

ಇಗೋರ್ ಸಿಕೋರ್ಸ್ಕಿಯವರು 1889ರಲ್ಲಿ ಕೀವ್ ನಗರದಲ್ಲಿ ಜನಿಸಿದರು. 1909ರಲ್ಲಿ ಅವರು ನಿರ್ಮಿಸಿದ ಹೆಲಿಕಾಪ್ಟರ್ ನೆಲವನ್ನೇ ಬಿಡಲಿಲ್ಲ. ಮರುವರ್ಷದ್ದು ಚಾಲಕನ ಭಾರವನ್ನು ಹೊರಲಾರದಾಯಿತು. ಬಳಿಕ ವಿಮಾನನಿರ್ಮಾಣದಲ್ಲಿ ಕೀರ್ತಿವಂತರಾದರೂ, ರಷ್ಯದ ಕ್ರಾಂತಿಯ ತರುವಾಯ ಸರ್ವಸ್ವವನ್ನೂ ತೊರೆದು 1919ರಲ್ಲಿ ಅಮೆರಿಕವನ್ನು ಸೇರಿ, ಗಣಿತವನ್ನು ಬೋಧಿಸಿ ಜೀವಿಸಿದರು. ಹಳೆಯ ಸಂಕಲ್ಪ ಮಾತ್ರ ಬತ್ತಲಿಲ್ಲ. 1939ರಲ್ಲಿ, ಐವತ್ತರ ವಯಸ್ಸಿನಲ್ಲಿ, ತಾವೇ ಚಾಲಕರಾಗಿ ವಿಎಸ್-300 ಹೆಲಿಕಾಪ್ಟರನ್ನು ಮೇಲೆತ್ತಿದರು.

ಅವರು ಸ್ಥಾಪಿಸಿದ ಸಂಸ್ಥೆಯ ಸೀ ಕಿಂಗ್ 1959ರಲ್ಲಿ ಹಾರಿತು. ಕಡಲಿನ ಮೇಲೆ ನಿಶ್ಚಲವಾಗಿ ನಿಂತು, ಸೋನಾರನ್ನು ನೀರಿಗಿಳಿಸಿ, ಶಬ್ದದ ಮಾರ್ದನಿಯಿಂದ ಜಲಾಂತರ್ಗಾಮಿಯ ನೆಲೆಯನ್ನರಿಯುವುದು ಅದರ ವೈಶಿಷ್ಟ್ಯ. 1971ರಲ್ಲಿ ಭಾರತೀಯ ನೌಕಾಪಡೆಯ 330ನೆಯ ದಳವು ಬ್ರಿಟನ್ನಿನಲ್ಲಿ ತಯಾರಾದ ಸೀ ಕಿಂಗ್‌ಗಳೊಡನೆ ಕೊಚ್ಚಿಯಲ್ಲಿ ಸ್ಥಾಪಿತವಾಯಿತು. ಮರುವರ್ಷ ಸಿಕೋರ್ಸ್ಕಿಯವರು ಕಾಲವಶರಾದರು. ಯುದ್ಧಕ್ಕೂ ಒದಗಿದ ತಮ್ಮ ಯಂತ್ರಕ್ಕೆ ಪ್ರಾಣರಕ್ಷಣೆಯೇ ಪರಮ ಸಾರ್ಥಕ್ಯವೆಂದು ಅವರು ಬಗೆದಿದ್ದರು.