ಡಾಕ್ಟರ್ ಮರಿಯಾ ಮಾಂಟೆಸ್ಸರಿ

ನಂಜನಗೂಡಿನಿಂದ ಗುಂಡ್ಲುಪೇಟೆಗೆ ಹೋಗುವ ಹೆದ್ದಾರಿಯಲ್ಲಿ ಹೋಬಳಿಯ ಮುಖ್ಯಸ್ಥಳವಾದ ಬೇಗೂರಿನಂತಹ ಊರುಗಳ ಜನರಿಗೂ ಇಂದು ಮಾಂಟೆಸ್ಸರಿ ಎಂಬ ಹೆಸರು ಅಪರಿಚಿತವಾದುದಲ್ಲ. ಮೂರು ವರ್ಷದ ಕೂಸಿಗೆ ಸಮವಸ್ತ್ರವನ್ನು ತೊಡಿಸಿ, ಬೆನ್ನಿಗೊಂದು ಚೀಲವನ್ನು ಬಿಗಿದು, ಪರಭಾಷೆಯ ಅಕ್ಷರಗಳನ್ನು ಬಾಯಿಪಾಠ ಮಾಡಿಸುವ ಏರ್ಪಾಡು ನಾಡಿನಲ್ಲಿ ಎಲ್ಲೆಲ್ಲಿ ಉಂಟೋ ಅಲ್ಲೆಲ್ಲ ಬಾಗಿಲ ಮೇಲಣ ಹಲಗೆಗೆ ಈ ಹೆಸರನ್ನು ಬರೆಯಿಸುವುದು ವಾಡಿಕೆಯಾಗಿಬಿಟ್ಟಿದೆ. ಈ ಹೆಸರಿನವರು ಯಾರು, ಯಾರ ಮಕ್ಕಳಿಗಾಗಿ ದುಡಿದರು ಎಂಬುದನ್ನು ಹಲಗೆ ಬರೆಯಿಸಿದವರಾಗಲಿ ಶುಲ್ಕ ತೆತ್ತವರಾಗಲಿ ವಿಚಾರಿಸಿದಂತೆ ತೋರುವುದಿಲ್ಲ. ಅವರ ಶಾಲೆಯು ಮೊದಲು ತೆರೆದುದು ಕೂಲಿಗಾರರ ಕೇರಿಯಲ್ಲಿ. ಅವರ ವಿಚಾರವು ಕಡೆಗೆ ಬಂದು ನಿಂತುದು ರಾಷ್ಟ್ರರಾಷ್ಟ್ರಗಳ ನಡುವಣ ಶಾಂತಿಯ ಪ್ರಶ್ನೆಯಲ್ಲಿ. ಆ ವಿಚಾರವು ಪಕ್ವವಾದುದೋ, ಬಹುಮಟ್ಟಿಗೆ ನಮ್ಮ ದಕ್ಷಿಣದೇಶದ ನೆಲದಲ್ಲಿಯೇ, ಅರೆಸೆರೆಯೆನ್ನಬಹುದಾದ ಸ್ಥಿತಿಯಲ್ಲಿ. ಇಷ್ಟನ್ನಾದರೂ ವಾಚಕರು ಅರಿತಿರುವುದು ಯುಕ್ತವೆಂದು ಅವರ ಜೀವಿತವನ್ನು ಸಂಗ್ರಹವಾಗಿ ನಿರೂಪಿಸುತ್ತೇವೆ.

ಮರಿಯಾ ಮಾಂಟೆಸ್ಸರಿಯವರು 1870ನೆಯ ಆಗಸ್ಟ್ 31ರಂದು ಇಟಲಿಯ ಆಂಕೋನಾ ಪಟ್ಟಣಕ್ಕೆ ಸಮೀಪದ ಕ್ಯಾರವಾಲೆಯಲ್ಲಿ ಜನಿಸಿದರು. ತಂದೆಯು ಸರ್ಕಾರದ ನೌಕರ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ರೋಮ್ ನಗರವು ಏಕೀಕೃತ ಇಟಲಿಗೆ ಸೇರಿತು. ಎಂದರೆ ಈ ಶಿಶುವೂ ಆ ರಾಷ್ಟ್ರವೂ ಹೆಚ್ಚುಕಡಮೆ ಒಂದೇ ವಯಸ್ಸಿನವು. ಹೆಣ್ಣುಮಕ್ಕಳಿಗೆ ಉಪಾಧ್ಯಾಯವೃತ್ತಿಯೊಂದೇ ಗೌರವದ ದಾರಿಯೆಂದು ಎಣಿಸುತ್ತಿದ್ದ ಕಾಲದಲ್ಲಿ ಈ ಬಾಲಿಕೆಯು ಆ ದಾರಿಯನ್ನೇ ಒಲ್ಲೆನೆಂದು ಹಟ ಹಿಡಿದು, ಮೊದಲು ಯಂತ್ರಶಾಸ್ತ್ರದ ಕಡೆಗೂ ಅನಂತರ ವೈದ್ಯಶಾಸ್ತ್ರದ ಕಡೆಗೂ ತಿರುಗಿದುದು ವಿಧಿಯ ವಿನೋದವೆನ್ನಬೇಕು. ಗಂಡಸರ ಎದುರಿಗೆ ಹೆಂಗಸು ಶವವನ್ನು ಕೊಯ್ಯುವುದು ಅನುಚಿತವೆಂದು ಭಾವಿಸಿದ್ದುದರಿಂದ ಅವರು ಆ ಅಭ್ಯಾಸವನ್ನು ಸಂಜೆಯ ಮೇಲೆ, ಏಕಾಕಿಯಾಗಿ ನಡೆಯಿಸಬೇಕಾಗಿತ್ತು. 1896ರಲ್ಲಿ ಪದವಿಯು ದೊರೆಯಿತು. ಇಟಲಿಯ ಮೊದಮೊದಲ ಮಹಿಳಾ ವೈದ್ಯರಲ್ಲಿ ಅವರೊಬ್ಬರು. ಆ ವರ್ಷವೇ ಬರ್ಲಿನ್ನಿನಲ್ಲಿ ಸೇರಿದ ಮಹಿಳಾ ಸಮ್ಮೇಳನಕ್ಕೆ ಹೋಗಿ, ದುಡಿಯುವ ಹೆಂಗಸರಿಗೆ ಗಂಡಸರಷ್ಟೇ ಕೂಲಿಯು ಸಲ್ಲಬೇಕೆಂದು ವಾದಿಸಿ ಬಂದರು.

ರೋಮಿನ ಮಾನಸಿಕ ಚಿಕಿತ್ಸಾಲಯದಲ್ಲಿ ಕೆಲಸ ಮಾಡುವಾಗ ಮಂದಬುದ್ಧಿಯ ಮಕ್ಕಳನ್ನು ಹುಚ್ಚರೊಡನೆ ಕೂಡಿಹಾಕಿದ್ದುದು ಅವರ ಕಣ್ಣಿಗೆ ಬಿದ್ದಿತು. ಆ ಮಕ್ಕಳಿಗೆ ಬೇಕಾದುದು ಔಷಧಕ್ಕಿಂತ ಹೆಚ್ಚಾಗಿ ಕೈಗೆ ಕೆಲಸವೆಂಬುದು ಅವರ ನಿಶ್ಚಯ. ಫ್ರಾನ್ಸಿನ ಇಟಾರ್ ಮತ್ತು ಸೆಗ್ವಿನ್ ಎಂಬ ವೈದ್ಯರ ಗ್ರಂಥಗಳನ್ನು ಆಧಾರವಾಗಿಟ್ಟುಕೊಂಡು, ಮುಟ್ಟಿ, ಜೋಡಿಸಿ, ತೂಗಿ ಕಲಿಯುವ ಸಾಮಗ್ರಿಯನ್ನು ಸಿದ್ಧಪಡಿಸಿದರು. ಏನೂ ಬಾರದೆಂದು ಕೈಬಿಟ್ಟಿದ್ದ ಮಕ್ಕಳಲ್ಲಿ ಕೆಲವರು ಇತರ ಮಕ್ಕಳೊಡನೆ ಪರೀಕ್ಷೆಗೆ ಕುಳಿತು ಉತ್ತೀರ್ಣರಾದರು. ಜನರು ಇದನ್ನು ಪವಾಡವೆಂದರೆ, ಮಾಂಟೆಸ್ಸರಿಯವರಿಗೆ ಹುಟ್ಟಿದ ಸಂಶಯವೇ ಬೇರೆ: ಬುದ್ಧಿಯಲ್ಲಿ ಏನೂ ಕೊರತೆಯಿಲ್ಲದ ಮಕ್ಕಳನ್ನು ಈ ಮಟ್ಟದಲ್ಲಿಯೇ ನಿಲ್ಲಿಸಿರುವ ನಮ್ಮ ಶಾಲೆಗಳು ಮಾಡುತ್ತಿರುವುದಾದರೂ ಏನು?

ಈ ಕಾಲದ ಒಂದು ಸಂಗತಿಯನ್ನು ಮರೆಮಾಚುವುದು ಚರಿತ್ರಕಾರನಿಗೆ ತಕ್ಕುದಲ್ಲ. ಸಹೋದ್ಯೋಗಿಯಾದ ವೈದ್ಯರೊಬ್ಬರಿಂದ 1898ರಲ್ಲಿ ಅವರಿಗೆ ಮಾರಿಯೋ ಎಂಬ ಮಗನು ಹುಟ್ಟಿದನು. ವಿವಾಹವು ನಡೆಯಲಿಲ್ಲ. ಅಂದಿನ ಸಮಾಜದಲ್ಲಿ ಈ ಸಂಗತಿಯು ಹೊರಬಿದ್ದಿದ್ದರೆ ಅವರ ಉದ್ಯೋಗವೂ ಕೀರ್ತಿಯೂ ಅಂದಿಗೇ ಮುಗಿಯುತ್ತಿದ್ದವು. ಮಗುವನ್ನು ಹಳ್ಳಿಯ ಸಂಸಾರವೊಂದಕ್ಕೆ ಒಪ್ಪಿಸಿದರು. ಆತನು ಹದಿನೈದರ ಪ್ರಾಯದಲ್ಲಿ ತಾಯಿಯ ಬಳಿಗೆ ಬಂದು ಸೇರಿದನು. ಲೋಕದ ಮಕ್ಕಳಿಗೆ ತಾಯಿಯೆನಿಸಿದವರು ತಮ್ಮ ಮಗನನ್ನು ಬಹುಕಾಲ ಮಗನೆಂದು ಬಹಿರಂಗವಾಗಿ ಹೇಳಿಕೊಳ್ಳಲಾರದೆ ಹೋದರು.

1907ನೆಯ ಜನವರಿ 6ರಂದು ರೋಮಿನ ಸಾನ್ ಲೊರೆಂಜೊ ಎಂಬ ಕೇರಿಯಲ್ಲಿ ಮಕ್ಕಳ ಮನೆಯು ತೆರೆಯಿತು. ಅದು ಸಾಲಗಾರರೂ ಕೂಲಿಗಾರರೂ ಕಿಕ್ಕಿರಿದಿದ್ದ, ಪೋಲೀಸರ ಬಾಯಲ್ಲಿ ಕೆಟ್ಟ ಹೆಸರನ್ನು ಹೊತ್ತ ಭಾಗ. ಮನೆಗಳನ್ನು ದುರಸ್ತಿ ಮಾಡಿಸಿದ ಸಂಸ್ಥೆಯವರಿಗೆ ವಿದ್ಯಾಪ್ರಸಾರದ ಉದ್ದೇಶವೇನೂ ಇರಲಿಲ್ಲ. ತಂದೆತಾಯಿಗಳು ದುಡಿಮೆಗೆ ಹೋದ ಮೇಲೆ ಸಣ್ಣ ಮಕ್ಕಳು ಹೊಸದಾಗಿ ಸುಣ್ಣ ಬಳಿದ ಗೋಡೆಗಳನ್ನು ಗೀಚಿ ಕೆಡಿಸುತ್ತಿದ್ದುವು. ಗೋಡೆಯ ರಿಪೇರಿಗೆ ಸುರಿಯುವ ಹಣವನ್ನು ಮಕ್ಕಳನ್ನು ಕಾಯುವುದಕ್ಕೆ ಕೊಟ್ಟರೆ ಲಾಭವೆಂದು ಅವರು ಲೆಕ್ಕ ಹಾಕಿದರು. ಐವತ್ತಕ್ಕೂ ಹೆಚ್ಚು ಮಕ್ಕಳು ಒಂದು ಕೊಠಡಿಯಲ್ಲಿ ಸೇರಿದುವು. ಮೇಲ್ವಿಚಾರಣೆಗೆ ಬಂದ ಮಾಂಟೆಸ್ಸರಿಯವರು ಪಾಠ ಹೇಳುವುದಕ್ಕಿಂತ ಹೆಚ್ಚಾಗಿ ನೋಡುತ್ತ ನಿಂತರು. ಒಂದು ದಿನ ಬೀರುವಿಗೆ ಬೀಗ ಹಾಕುವುದು ಮರೆತುಹೋಯಿತು. ಮಕ್ಕಳು ತಾವೇ ಸಾಮಗ್ರಿಯನ್ನು ಆರಿಸಿ ತೆಗೆದುಕೊಂಡು ಸದ್ದಿಲ್ಲದೆ ಕೆಲಸದಲ್ಲಿ ತೊಡಗಿದ್ದುದನ್ನು ಕಂಡು ಶಿಕ್ಷಕಿಯು ಅದನ್ನು ಕಳ್ಳತನವೆಂದಳು, ಮಾಂಟೆಸ್ಸರಿಯವರು ಆಯ್ಕೆಯೆಂದರು. ಅಂದಿನಿಂದ ಬೀಗದ ಬೀರು ಹೋಗಿ ಮಕ್ಕಳ ಎತ್ತರದ ತೆರೆದ ಕಪಾಟು ಬಂದಿತು. ಮೂಗನ್ನು ಸದ್ದಿಲ್ಲದೆ ಒರಸಿಕೊಳ್ಳುವ ಬಗೆಯನ್ನು ಒಮ್ಮೆ ತೋರಿಸಿಕೊಟ್ಟಾಗ ಮಕ್ಕಳು ಚಪ್ಪಾಳೆ ತಟ್ಟಿದುವಂತೆ. ಆ ವಿಷಯಕ್ಕಾಗಿ ಬೈಗುಳವನ್ನು ಯಥೇಚ್ಛವಾಗಿ ಉಂಡ ಮಕ್ಕಳಿಗೆ ಅದನ್ನು ಕಲಿಸಿಕೊಟ್ಟವರು ಅದುವರೆಗೆ ಯಾರೂ ಇರಲಿಲ್ಲ.

ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದ ನಾಲ್ಕೈದು ವರ್ಷದ ಮಕ್ಕಳು ಹಠಾತ್ತಾಗಿ ಬರೆಯತೊಡಗಿದ ಸುದ್ದಿಯೇ ಲೋಕಕ್ಕೆಲ್ಲ ಹಬ್ಬಿತು. ಬರವಣಿಗೆಗಿಂತ ದೊಡ್ಡದಾದ ಸಂಗತಿಯು ಆ ಕೊಠಡಿಯ ಕೂಡುಬಾಳ್ವೆ ಎಂದು ನಮ್ಮ ಅಭಿಪ್ರಾಯ. ಅಲ್ಲಿ ಪ್ರತಿಯೊಂದು ಸಾಮಗ್ರಿಯೂ ಒಂದೊಂದೇ ಇರುತ್ತಿತ್ತು. ಬಡತನದಿಂದಲ್ಲ, ಬೇಕೆಂದೇ. ಒಂದು ಮಗುವಿನ ಕೈಯಲ್ಲಿರುವ ವಸ್ತುವು ಇನ್ನೊಂದಕ್ಕೆ ಬೇಕಾದರೆ ಅದು ಮುಗಿಯುವವರೆಗೆ ಕಾಯಬೇಕು. ಕಿತ್ತುಕೊಳ್ಳುವಂತಿಲ್ಲ, ಕೊಡಿಸೆಂದು ಶಿಕ್ಷಕಿಗೆ ದೂರು ಒಯ್ಯುವಂತಿಲ್ಲ. ಮೂರರ ಮಗುವೂ ಆರರ ಮಗುವೂ ಒಂದೇ ಕಡೆ ಇರುವುದರಿಂದ ದೊಡ್ಡದು ಚಿಕ್ಕದಕ್ಕೆ ಗುಂಡಿ ಹಾಕಲು ಕಲಿಸುವುದು, ಚಿಕ್ಕದು ದೊಡ್ಡದನ್ನು ನೋಡಿ ಕಲಿಯುವುದು ಸಹಜವಾಗಿತ್ತು. ಊಟವನ್ನು ಬಡಿಸುವವರೂ, ತಟ್ಟೆಯನ್ನು ತೊಳೆಯುವವರೂ, ನೆಲವನ್ನು ಗುಡಿಸುವವರೂ ಮಕ್ಕಳೇ. ಬಹುಮಾನವಿಲ್ಲ, ದಂಡನೆಯಿಲ್ಲ, ಒಂದನೆಯ ಎರಡನೆಯ ಸ್ಥಾನಗಳೆಂಬುವಿಲ್ಲ. ಒಮ್ಮೆ ಅಂಗಳದಲ್ಲಿದ್ದ ತಾಯಿಯೊಬ್ಬಳ ನಾಲ್ಕು ತಿಂಗಳ ಹಸುಗೂಸನ್ನು ಮಾಂಟೆಸ್ಸರಿಯವರು ಎತ್ತಿ ತಂದು, ಇದು ಎಷ್ಟು ಸುಮ್ಮನಿದೆ ನೋಡಿರಿ ಎಂಬಂತೆ ತೋರಿಸಿದರು. ಮಕ್ಕಳೆಲ್ಲ ಉಸಿರು ಬಿಗಿಹಿಡಿದು ನಿಶ್ಶಬ್ದವಾದುವು. ಗದರಿಕೆಯಿಂದ ಬಾರದ ಮೌನವು ಒಟ್ಟಾಗಿ ಕೂಡಿ ಸಾಧಿಸುವ ಆಟವಾಗಿ ಬಂದಿತು. ಒಬ್ಬನು ಕಾಲು ಕದಲಿಸಿದರೂ ಎಲ್ಲರ ಮೌನವೂ ಕೆಡುತ್ತದೆಂಬ ಅರಿವು ಆ ಆಟದೊಳಗೆ ಅಡಗಿತ್ತು.

ಮುಂದಿನ ಕೀರ್ತಿಯ ಕಥೆಯನ್ನು ಬೇಗನೆ ಮುಗಿಸಬಹುದು. 1909ರಲ್ಲಿ ಅವರ ಗ್ರಂಥವು ಪ್ರಕಟವಾಯಿತು. 1915ರಲ್ಲಿ ಸಾನ್‌ಫ್ರಾನ್ಸಿಸ್ಕೊ ಪ್ರದರ್ಶನದಲ್ಲಿ ಗಾಜಿನ ಗೋಡೆಯ ತರಗತಿಯನ್ನು ನೋಡಲು ಜನರು ಮುಗಿಬಿದ್ದರು. 1929ರಲ್ಲಿ ಅಂತರರಾಷ್ಟ್ರೀಯ ಸಂಘವು ಸ್ಥಾಪಿತವಾಯಿತು. ಅವರ ನಡೆಯಲ್ಲಿ ಆಕ್ಷೇಪಾರ್ಹವಾದುದೂ ಉಂಟು. ಶಿಕ್ಷಕರನ್ನು ತರಬೇತುಗೊಳಿಸುವ ಅಧಿಕಾರವನ್ನು ಬಹುಕಾಲ ತಮ್ಮ ಕೈಯಲ್ಲಿಯೇ ಬಿಗಿಯಾಗಿ ಹಿಡಿದಿದ್ದರು. ಅದಕ್ಕಿಂತ ಗುರುತರವಾದುದು 1924ರಲ್ಲಿ ಅವರು ಮುಸೊಲಿನಿಯ ಆಶ್ರಯವನ್ನು ಸ್ವೀಕರಿಸಿದುದು. ಶಾಲೆಗಳು ಬೆಳೆಯುವುದಾದರೆ ಯಾರ ಹಸ್ತದಿಂದಾದರೇನೆಂದು ಅವರು ಎಣಿಸಿದಂತೆ ತೋರುತ್ತದೆ. ಹತ್ತು ವರ್ಷಗಳಲ್ಲಿ ಉತ್ತರವು ದೊರೆಯಿತು. ಸ್ವತಂತ್ರವಾಗಿ ಆರಿಸಿ ಕೆಲಸ ಮಾಡುವ ಮಗುವಿನಿಂದ ಕವಾಯತಿನ ಸಿಪಾಯಿಯು ತಯಾರಾಗುವುದಿಲ್ಲವೆಂಬುದನ್ನು ಸರ್ವಾಧಿಕಾರಿಯೂ ಅರಿತನು, ಇವರೂ ಅರಿತರು. 1934ರಲ್ಲಿ ಸಂಬಂಧವು ಕಡಿದು ಅವರು ಇಟಲಿಯನ್ನು ಬಿಟ್ಟರು, ಶಾಲೆಗಳು ಮುಚ್ಚಿದುವು. ಜರ್ಮನಿಯಲ್ಲಿ ನಾಜಿಗಳು ಅವರ ಗ್ರಂಥಗಳನ್ನು ಸುಟ್ಟರು. 1936ರಲ್ಲಿ ಸ್ಪೇನಿನ ಅಂತರ್ಯುದ್ಧವು ಬಾರ್ಸಿಲೋನದಿಂದಲೂ ಹೊರದೂಡಿತು. ಕೊನೆಗೆ ಹಾಲೆಂಡು ನೆಲೆ ಕೊಟ್ಟಿತು.

ಶಾಂತಿಯ ವಿಷಯವಾಗಿ ಅವರು ಮಾಡಿದ ಉಪನ್ಯಾಸಗಳು ಈ ಅಲೆದಾಟದ ಕಾಲದವು: 1932ರಲ್ಲಿ ಜಿನೀವದಲ್ಲಿ, 1936ರಲ್ಲಿ ಬ್ರಸೆಲ್ಸಿನಲ್ಲಿ, 1937ರಲ್ಲಿ ಕೋಪನ್‌ಹೇಗನ್ನಿನಲ್ಲಿ. ಯುದ್ಧಕ್ಕೆ ಶಾಸ್ತ್ರವುಂಟು, ಶಾಂತಿಗೆ ಮಾತ್ರ ಶಾಸ್ತ್ರವಿಲ್ಲ. ಫಿರಂಗಿಯು ಮೌನವಾದುದನ್ನೇ ಶಾಂತಿಯೆಂದು ಕರೆದು ಜನರು ತೃಪ್ತರಾಗುತ್ತಾರೆ. ಯುದ್ಧವನ್ನು ತಡೆಯುವುದು ರಾಜಕಾರಣಿಗಳ ಕೆಲಸವಾದರೆ ಶಾಂತಿಯನ್ನು ಕಟ್ಟುವುದು ಶಿಕ್ಷಣದ ಕೆಲಸ ಎಂಬುದು ಅವರ ವಾದದ ಸಾರಾಂಶ. ಮೊದಲನೆಯ ಕಲಹವು ಬಲವಂತನಾದ ಹಿರಿಯನಿಗೂ ಬಲಹೀನವಾದ ಮಗುವಿಗೂ ನಡುವೆ, ಮನೆಯಲ್ಲಿಯೇ ನಡೆಯುತ್ತದೆ. ಹೆದರಿ ತಲೆಬಾಗುವುದನ್ನು ಅಲ್ಲಿ ಕಲಿತವನು ಮುಂದೆ ಸರ್ವಾಧಿಕಾರಿಗೂ ತಲೆಬಾಗುತ್ತಾನೆಂದು ಅವರು ವಿವರಿಸಿದರು. 1931ರ ಅಕ್ಟೋಬರಿನಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋಗಿದ್ದ ಗಾಂಧೀಜಿಯವರು ಲಂಡನ್ನಿನ ಮಾಂಟೆಸ್ಸರಿ ತರಬೇತಿ ಕಾಲೇಜಿಗೆ ಬಂದು, ನಿಜವಾದ ಶಾಂತಿಯು ಬೇಕಾದರೆ ಮಕ್ಕಳಿಂದಲೇ ಮೊದಲುಮಾಡಬೇಕೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದ್ದರು. ಇಂತಹ ಸಾಮಗ್ರಿಯು ಭಾರತದ ಬಡಹಳ್ಳಿಗಳಿಗೆ ಎಟಕುವುದೆಂತು ಎಂಬ ಚಿಂತೆಯೂ ಅವರಿಗಿತ್ತು.

ಅಡ್ಯಾರಿನ ಥಿಯಸಾಫಿಕಲ್ ಸೊಸೈಟಿಯ ಅಧ್ಯಕ್ಷರಾದ ಜಾರ್ಜ್ ಅರುಂಡೇಲರ ಆಹ್ವಾನದ ಮೇಲೆ 1939ರ ನವೆಂಬರಿನಲ್ಲಿ, ಅರುವತ್ತೊಂಬತ್ತರ ವಯಸ್ಸಿನಲ್ಲಿ, ಮಾರಿಯೋ ಅವರೊಡನೆ ಮಾಂಟೆಸ್ಸರಿಯವರು ಮದರಾಸಿಗೆ ಬಂದರು. ತಾಳೆಗರಿಯ ಗುಡಿಸಲುಗಳಲ್ಲಿ ನಡೆದ ಮೊದಲನೆಯ ತರಬೇತಿಗೆ ದೇಶದ ನಾನಾ ಭಾಗಗಳಿಂದ ಸುಮಾರು 300 ಮಂದಿ ಸೇರಿದರು. ಅವರು ಇಟಾಲಿಯನ್ ಭಾಷೆಯಲ್ಲಿ ಹೇಳುವುದು, ಮಗನು ಇಂಗ್ಲಿಷಿಗೆ ತಿರುಗಿಸುವುದು. ಕೆಲವು ತಿಂಗಳ ಮಾತೆಂದು ಬಂದವರು ಬಹುವರ್ಷ ನಿಲ್ಲಬೇಕಾಯಿತು. 1940ರ ಜೂನಿನಲ್ಲಿ ಇಟಲಿಯು ಯುದ್ಧಕ್ಕೆ ಇಳಿದೊಡನೆ, ಆ ಇಟಲಿಯ ಆಳ್ವಿಕೆಯಿಂದಲೇ ಹೊರಬಿದ್ದಿದ್ದ ಈ ವೃದ್ಧೆಯನ್ನು ಬ್ರಿಟಿಷ್ ಸರ್ಕಾರವು ಶತ್ರುದೇಶದವರೆಂದು ಎಣಿಸಿತು. ಮಾರಿಯೋ ಅವರನ್ನು ಅಹಮದ್‌ನಗರದ ಶಿಬಿರಕ್ಕೆ ಒಯ್ದರು. ತಾಯಿಯು ಅಡ್ಯಾರಿನ ಆವರಣವನ್ನು ಬಿಟ್ಟು ಕದಲಕೂಡದೆಂದು ಕಟ್ಟುಮಾಡಿದರು. ನಮ್ಮ ದೇಶದ ನಾಯಕರನ್ನು ಸೆರೆಗೆ ತಳ್ಳುತ್ತಿದ್ದ ಸರ್ಕಾರಕ್ಕೆ ಇದು ದೊಡ್ಡ ಕೆಲಸವೇನಲ್ಲ. ಆ ವರ್ಷದ ಆಗಸ್ಟ್ 31, ಅವರ ಎಪ್ಪತ್ತನೆಯ ಹುಟ್ಟುಹಬ್ಬ. ಅಂದು ವೈಸರಾಯರಿಂದ ತಂತಿ ಬಂದಿತು. ಉಡುಗೊರೆಯಾಗಿ ಮಗನನ್ನು ಹಿಂದಿರುಗಿಸಿರುವುದಾಗಿ ಅದರಲ್ಲಿತ್ತು. ಅದುವರೆಗೆ ಸೋದರಳಿಯನೆಂದೋ ದತ್ತಕನೆಂದೋ ಪರಿಚಯಿಸಲ್ಪಡುತ್ತಿದ್ದವರನ್ನು ಸರ್ಕಾರದ ಕಾಗದವೊಂದು ಮಗನೆಂದೇ ಕರೆಯಿತು.

1942ರಿಂದ 1944ರವರೆಗೆ ಅವರು ಕೊಡೈಕಾನಲಿನಲ್ಲಿದ್ದರು. ಅಲ್ಲಿ ಸಿಂಹಳದ ಲೀನಾ ವಿಕ್ರಮರತ್ನೆಯವರ ಸಹಾಯದಿಂದ ನಡೆದ ಸಣ್ಣ ಶಾಲೆಯಲ್ಲಿ, ಶಿಶುಗಳಿಂದ ಹನ್ನೆರಡು ವರ್ಷದವರವರೆಗೆ, ಭಾರತೀಯರ ಮಕ್ಕಳೂ ವಿದೇಶೀಯರ ಮಕ್ಕಳೂ ಕೂಡಿ ಕಲಿತರು. ಅವರವರ ದೇಶಗಳು ಯುರೋಪಿನಲ್ಲಿ ಪರಸ್ಪರ ಬಾಂಬು ಸುರಿಸುತ್ತಿದ್ದಾಗ ಇಲ್ಲಿ ಆ ಮಕ್ಕಳು ಬೆಟ್ಟದ ಹಾದಿಯಲ್ಲಿ ಹಾವಸೆಯನ್ನೂ ಹುಳವನ್ನೂ ನೋಡುತ್ತ ಅಲೆದರು. ನೀರು, ಕಲ್ಲು, ಗಿಡ, ಪ್ರಾಣಿ, ಮನುಷ್ಯ ಇವೆಲ್ಲವೂ ಒಂದಕ್ಕೊಂದು ಉಪಕರಿಸಿಯೇ ಉಳಿದಿವೆ. ನಾವು ಉಣ್ಣುವ ಅನ್ನದ ಹಿಂದೆ ಎಂದೂ ಕಾಣದ ಸಾವಿರ ಜನರ ದುಡಿಮೆಯುಂಟು ಎಂಬ ಅರಿವನ್ನು ಬಾಲ್ಯದಲ್ಲಿಯೇ ಮೂಡಿಸುವ ವಿಶ್ವಶಿಕ್ಷಣದ ಯೋಜನೆಯು ಅಲ್ಲಿ ರೂಪುಗೊಂಡಿತು. ಅವರು ಭಾರತದಲ್ಲಿ ತರಬೇತುಗೊಳಿಸಿದ ಶಿಕ್ಷಕರು ಸಾವಿರಕ್ಕೂ ಹೆಚ್ಚು. 1946ರಲ್ಲಿ ಯುರೋಪಿಗೆ ಹೋಗಿ, 1947ರಲ್ಲಿ ಮತ್ತೆ ಬಂದು, 1949ರಲ್ಲಿ ಬೀಳ್ಕೊಂಡರು. 1949, 1950, 1951 ಈ ಮೂರು ವರ್ಷಗಳಲ್ಲಿಯೂ ನೊಬೆಲ್ ಶಾಂತಿ ಪಾರಿತೋಷಕಕ್ಕೆ ಅವರ ಹೆಸರು ಸೂಚಿತವಾಯಿತು, ಬಹುಮಾನವು ಬರಲಿಲ್ಲ. 1952ನೆಯ ಮೇ 6ರಂದು ಹಾಲೆಂಡಿನ ನೂರ್ಡ್‌ವೈಕ್ ಎಂಬ ಕಡಲತಡಿಯ ಊರಿನಲ್ಲಿ ತೀರಿಕೊಂಡರು.

ಅವರ ಪದ್ಧತಿಯನ್ನು ನಮ್ಮ ನೆಲಕ್ಕೆ ಒಗ್ಗಿಸಿದ ಶ್ರೇಯಸ್ಸು ಅವರಿಗಿಂತಲೂ ಕೆಲವರು ಭಾರತೀಯರಿಗೆ ಸಲ್ಲತಕ್ಕುದು. ಗಿಜುಭಾಯಿ ಬಧೇಕರು 1920ರಲ್ಲಿಯೇ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ಮಾಂಟೆಸ್ಸರಿಯವರು ಭಾರತಕ್ಕೆ ಬರುವ ಕೆಲವೇ ತಿಂಗಳ ಮುಂಚೆ ಕಾಲವಾದರು. ಅವರ ಸಹಕಾರಿಯಾಗಿದ್ದ ತಾರಾಬಾಯಿ ಮೋಡಕರು 1945ರಲ್ಲಿ ಬೋರ್ಡಿ ಗ್ರಾಮಕ್ಕೆ ಹೋಗಿ, ವಿದೇಶದ ದುಬಾರಿ ಸಾಮಗ್ರಿಯನ್ನು ಬಿಟ್ಟು ಕಲ್ಲು, ಕಾಯಿ, ಬೀಜಗಳಿಂದ ಪಾಠ ನಡೆಸಿದರು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲೆಂದು ಅಂಗನವಾಡಿಯ ಕಲ್ಪನೆಯನ್ನು ಕೊಟ್ಟವರು ಅವರೇ. ಕೇಂದ್ರ ಸರ್ಕಾರವು 1975ನೆಯ ಅಕ್ಟೋಬರ್ 2ರಂದು ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆಗಳಲ್ಲಿ ಪ್ರಾರಂಭಿಸಿದಾಗ ಕರ್ನಾಟಕದಲ್ಲಿ ಮೊದಲು ಆರಿಸಿದುದು ತಿರುಮಕೂಡಲು ನರಸೀಪುರವನ್ನು. ಬೇಗೂರಿನವರಿಗೆ ಅದು ನೆರೆಯ ಸೀಮೆ. ಅಂದು ಎರಡೂ ಮೈಸೂರು ಜಿಲ್ಲೆಗೇ ಸೇರಿದ್ದುವು.

ಅದೇ ಸೀಮೆಯ ಬದನವಾಳಿಗೆ 1927ರಲ್ಲಿ ಗಾಂಧೀಜಿಯವರು ಖಾದಿಯ ಕೇಂದ್ರವನ್ನು ನೋಡಲು ಬಂದಿದ್ದರು; 1993ರಲ್ಲಿ ಅದೇ ಗ್ರಾಮದಲ್ಲಿ ದೇವಾಲಯ ಪ್ರವೇಶದ ಕಲಹದ ಬೆನ್ನಲ್ಲೇ ಮೂವರು ದಲಿತರ ಕೊಲೆಯಾಯಿತು. ನಮ್ಮ ಹಳ್ಳಿಗಳಲ್ಲಿ ಕಲಹದ ಬೀಜವು ಎಲ್ಲಿ ಬೀಳುತ್ತದೆಂಬುದನ್ನು ಹುಡುಕಲು ಜಿನೀವಕ್ಕೆ ಹೋಗಬೇಕಾದುದಿಲ್ಲ. ಎಲ್ಲ ಕೇರಿಯ ಮೂರು ವರ್ಷದ ಮಕ್ಕಳೂ ಒಂದೇ ಚಾಪೆಯ ಮೇಲೆ ಕುಳಿತು, ಒಬ್ಬರಿಗೊಬ್ಬರು ಬಡಿಸಿ ಉಣ್ಣುವ ಮನೆಯೊಂದು ಸಾನ್ ಲೊರೆಂಜೊದಲ್ಲಿ ಇದ್ದಂತೆ ನಮ್ಮಲ್ಲಿ ಇರುವುದಾದರೆ ಅದು ಅಂಗನವಾಡಿಯೇ. ಆದರೆ ಉಳ್ಳವರು ತಮ್ಮ ಮಕ್ಕಳನ್ನು ಅಲ್ಲಿಂದ ಬಿಡಿಸಿ ಮಾಂಟೆಸ್ಸರಿಯೆಂಬ ಹಲಗೆ ಹೊತ್ತ ಕಟ್ಟಡಕ್ಕೆ ಸೇರಿಸುತ್ತಿದ್ದಾರೆ. ಅಂಗನವಾಡಿಯಲ್ಲಿ ಬಡವರ ಮಕ್ಕಳಷ್ಟೇ ಉಳಿಯುತ್ತಿವೆ.