ಮ್ಯಾಂಚೆಸ್ಟರಿನಲ್ಲಿ ಟ್ಯೂರಿಂಗ್

ಅಲನ್ ಟ್ಯೂರಿಂಗನೆಂದೊಡನೆ (1912–1954) ಜನರು ಯುದ್ಧಕಾಲದ ಗೂಢಲಿಪಿಯನ್ನು ನೆನೆಯುತ್ತಾರೆ. ನನ್ನ ಮನಸ್ಸು ಹರಿಯುವುದು ಮ್ಯಾಂಚೆಸ್ಟರಿನತ್ತ. ಅಲ್ಲಿನ ವಿಶ್ವವಿದ್ಯಾನಿಲಯದ ಗಣಕಯಂತ್ರ ಪ್ರಯೋಗಶಾಲೆಗೆ ಅವನು ಬಂದದ್ದು 1948ರಲ್ಲಿ. 1936ರಲ್ಲಿ ತಾನು ಕಾಗದದ ಮೇಲೆ ಕಲ್ಪಿಸಿದ್ದ ಯಂತ್ರಕ್ಕೆ ಎಂಜಿನಿಯರುಗಳು ಅಲ್ಲಿ ಒಡಲು ಕೊಟ್ಟಿದ್ದರು. 1951ರಲ್ಲಿ ಫೆರಾಂಟಿ ಮಾರ್ಕ್ 1 ಬಂದಾಗ ಬಳಕೆದಾರರಿಗೆಂದು ಕೈಪಿಡಿ ಬರೆದುಕೊಟ್ಟ. ಮೂವತ್ತೆರಡು ಚಿಹ್ನೆಗಳ ಸಂಖ್ಯಾಪದ್ಧತಿ. ಅದರಲ್ಲಿಯೂ ಬಿಡಿಸ್ಥಾನ ಎಡತುದಿಯಲ್ಲಿ! ಕಲಿಯುವವರ ಪಾಡನ್ನು ಈ ಮೇಧಾವಿ ಎಣಿಸಲಿಲ್ಲವೆಂದೇ ನನ್ನ ಆಕ್ಷೇಪ. ಆದರೆ ಅದೇ ಯಂತ್ರದೆದುರು ರಾತ್ರಿಗಳನ್ನು ಕಳೆದು, ಜೀವಿಗಳಲ್ಲಿ ಆಕಾರ ಮೂಡುವ ಬಗೆಯನ್ನು ಗಣಿತದಿಂದ ಅರಸಿದವನೂ ಅವನೇ. ಆ ಪ್ರಬಂಧ 1952ರಲ್ಲಿ ಪ್ರಕಟವಾಯಿತು. ಅದೇ ವರ್ಷ ಸಲಿಂಗಸಂಬಂಧಕ್ಕಾಗಿ ನ್ಯಾಯಾಲಯ ಅವನನ್ನು ಅಪರಾಧಿಯೆಂದಿತು. ಸೆರೆಮನೆಗೆ ಬದಲು ಹಾರ್ಮೋನು ಚಿಕಿತ್ಸೆಯನ್ನು ಹೇರಿತು. ಪ್ರಯೋಗಶಾಲೆಯ ಕೆಲಸವನ್ನು ಅವನು ಬಿಡಲಿಲ್ಲ. 1954ರ ಜೂನ್ 7ರಂದು, ನಲವತ್ತೊಂದರ ವಯಸ್ಸಿನಲ್ಲಿ, ಸಯನೈಡಿನಿಂದ ತೀರಿಕೊಂಡಾಗ ಎಲೆ, ಹೂಗಳ ಸುರುಳಿಜೋಡಣೆಯ ಲೆಕ್ಕ ಅರ್ಧಕ್ಕೇ ನಿಂತಿತ್ತು.