ಕೋತಿಗೂ ಜಗ್ಗದ ತಂತಿ: ಡಾಕ್ಟರ್ ಓಶಾನೆಸ್ಸಿ ಕಥೆ

ಕಂಪ್ಯೂಟರ್ ನೆಟ್‌ವರ್ಕ್ಸ್ ಪುಸ್ತಕ ತೆರೆದ ಮೊದಲ ವಾರ ನಮಗೆಲ್ಲ ಆಗೋದು ಒಂದೇ ಅನುಭವ. ಓಎಸ್‌ಐ ಮಾದರಿಯ ಏಳು ಪದರ, ಟಿಸಿಪಿ, ಐಪಿ, ಸಬ್‌ನೆಟ್ ಎಲ್ಲ ಒಟ್ಟಿಗೇ ಮೈಮೇಲೆ ಬೀಳ್ತವೆ. ಎಲ್ಲಿಂದ ಶುರು ಮಾಡಬೇಕು ಅನ್ನೋದೇ ತಿಳಿಯಲ್ಲ. ಅಂಥ ಹೊತ್ತಲ್ಲಿ ನಾವು ನೆನೆಯಬೇಕಾದ ಒಬ್ಬರಿದ್ದಾರೆ. ಭಾರತದ ಮೊದಲ ಟೆಲಿಗ್ರಾಫ್ ಜಾಲ ಕಟ್ಟಿದ ವಿಲಿಯಂ ಓಶಾನೆಸ್ಸಿ. ಅವರು ಎಂಜಿನಿಯರಿಂಗ್ ಓದಿದವರೇ ಅಲ್ಲ, ವೈದ್ಯರು!

ಓಶಾನೆಸ್ಸಿ ಹುಟ್ಟಿದ್ದು 1809ರಲ್ಲಿ, ಐರ್ಲೆಂಡಿನ ಲಿಮೆರಿಕ್‌ನಲ್ಲಿ. ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ 1829ರಲ್ಲಿ ಪದವಿ ಪಡೆದರು. ಸ್ವಲ್ಪ ದಿನಕ್ಕೇ ಇಂಗ್ಲೆಂಡಿಗೆ ಕಾಲರಾ ಬಂತು. ರೋಗಿಗಳ ರಕ್ತ ಪರೀಕ್ಷಿಸಿ, ಅದರಲ್ಲಿ ನೀರು ಮತ್ತು ಲವಣ ಕಡಿಮೆಯಾಗಿರೋದನ್ನು ಗುರುತಿಸಿದರು. ಹಾಗಾದರೆ ಅದನ್ನೇ ರಕ್ತನಾಳಕ್ಕೆ ವಾಪಸ್ ಕೊಡಬೇಕು ಅಂದರು. 1832ರಲ್ಲಿ ಥಾಮಸ್ ಲಟ್ಟಾ ಎಂಬ ವೈದ್ಯರು ಅದನ್ನು ರೋಗಿಗಳ ಮೇಲೆ ಮಾಡಿ ತೋರಿಸಿದರು. ಇವತ್ತು ಆಸ್ಪತ್ರೆಯಲ್ಲಿ ಹಾಕೋ ಸಲೈನ್ ಬಾಟಲಿಯ ಮೂಲ ಅಲ್ಲಿದೆ. ಎಲ್ಲಿ ಏನು ಸೋರಿಹೋಗ್ತಿದೆ ಅಂತ ಮೊದಲು ಅಳೆಯೋದು, ಆಮೇಲೆ ಸರಿಪಡಿಸೋದು. ಅವರ ಈ ಅಭ್ಯಾಸ ತಂತಿಯ ಕೆಲಸಕ್ಕೂ ಬಂತು.

1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯರಾಗಿ ಕಲ್ಕತ್ತಾಗೆ ಬಂದು, ಮುಂದೆ ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸತೊಡಗಿದರು. ಬ್ಯಾಟರಿ, ವಿದ್ಯುತ್ತಿನ ಪ್ರಯೋಗಗಳ ಹುಚ್ಚು ಹತ್ತಿತು. 1839ರಲ್ಲಿ ಊರ ಹತ್ತಿರದ ಸಸ್ಯೋದ್ಯಾನದ ಬಳಿ ಬಿದಿರಿನ ಕಂಬ ನೆಟ್ಟು ಮೈಲಿಗಟ್ಟಲೆ ತಂತಿ ಎಳೆದರು. ಹೂಗ್ಲಿ ನದಿಯ ನೀರಿನ ಮೂಲಕವೂ ವಿದ್ಯುತ್ ಹರಿಸಿ ನೋಡಿದರು. ಸಂಕೇತ ಬಂತು ಅಂತ ಗೊತ್ತಾಗ್ತಿದ್ದದ್ದು ಹೇಗೆ? ಬೆರಳಿಗೆ ತಾಗೋ ಸಣ್ಣ ಶಾಕ್‌ನಿಂದ! ಅಮೆರಿಕದಲ್ಲಿ ಮೋರ್ಸ್ ವಾಷಿಂಗ್ಟನ್ನಿಂದ ಬಾಲ್ಟಿಮೋರ್‌ಗೆ ಸಂದೇಶ ಕಳಿಸಿದ್ದು ಇದಾಗಿ ಐದು ವರ್ಷಕ್ಕೆ, 1844ರಲ್ಲಿ.

ಆದರೆ ಕಂಪನಿ ಸರ್ಕಾರ ಕಿವಿಗೊಡಲಿಲ್ಲ. ಸುಮಾರು ಹತ್ತು ವರ್ಷ ಆ ಪ್ರಯೋಗ ಹಾಗೇ ಉಳೀತು. ಡಾಲ್‌ಹೌಸಿ ಗವರ್ನರ್ ಜನರಲ್ ಆದ ಮೇಲೆ ಬಾಗಿಲು ತೆರೆಯಿತು. 1850ರಲ್ಲಿ ಕಲ್ಕತ್ತಾದಿಂದ ಡೈಮಂಡ್ ಹಾರ್ಬರ್‌ಗೆ 27 ಮೈಲಿಯ ಪ್ರಾಯೋಗಿಕ ಮಾರ್ಗದ ಕೆಲಸ ಶುರುವಾಯ್ತು.

ನಮ್ಮ ಪುಸ್ತಕದಲ್ಲಿ ಮೊದಲ ಪದರ ಅಂದ್ರೆ ಫಿಸಿಕಲ್ ಲೇಯರ್, ಪರೀಕ್ಷೆಗೆ ಎರಡು ಪುಟ. ಓಶಾನೆಸ್ಸಿಗೆ ಅದೇ ಸರ್ವಸ್ವ. ಬಿರುಗಾಳಿ, ಮಳೆ, ಹಕ್ಕಿಗಳು, ಎಲ್ಲಕ್ಕಿಂತ ಹೆಚ್ಚಾಗಿ ಕೋತಿಗಳು. ಹಂಪಿಯ ಕೋತಿಗಳನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯುರೋಪಿನ ತೆಳು ತಂತಿ ಇಲ್ಲಿ ಬಾಳಲ್ಲ ಅಂತ ಅರಿತು, ಅವರು ಒಂದು ಇಂಚಿನ ಎಂಟರಲ್ಲಿ ಮೂರು ಭಾಗ ದಪ್ಪದ ಕಬ್ಬಿಣದ ಸರಳನ್ನೇ ಬಳಸಿದರು. ಕೋತಿಗಳ ದಂಡು ಜೋತುಬಿದ್ದರೂ ತಡೆಯಬೇಕು ಅನ್ನೋದು ಲೆಕ್ಕ. ಸಂಕೇತ ಓದಲು ಸೂಜಿ ಅಲ್ಲಾಡುವ ಪುಟ್ಟ ಉಪಕರಣವನ್ನು ತಾವೇ ರೂಪಿಸಿದರು. ಕಡಿಮೆ ಖರ್ಚಿನಲ್ಲಿ ಕಲ್ಕತ್ತಾದಲ್ಲೇ ಅದು ತಯಾರಾಯ್ತು.

ಅವರು ಒಬ್ಬರೇ ಇದನ್ನು ಕಟ್ಟಲಿಲ್ಲ. ಡೈಮಂಡ್ ಹಾರ್ಬರ್ ತುದಿಯಿಂದ ಮೊದಲ ಸಂಕೇತ ಕಳಿಸಿದವರು ಅವರ ಬಂಗಾಳಿ ಸಹಾಯಕ ಶಿಬ್ ಚಂದ್ರ ನಂದಿ. ಮುಂದೆ ಪದ್ಮಾ ನದಿಯಲ್ಲಿ ಮೀನುಗಾರರ ದೋಣಿಗಳಿಂದಲೇ ಕೇಬಲ್ ಇಳಿಸಿದವರೂ ಇದೇ ನಂದಿ. ನಮ್ಮಲ್ಲಿ ಎಷ್ಟು ಜನ ಈ ಹೆಸರು ಕೇಳಿದ್ದೀವಿ?

1853ರ ನವೆಂಬರಿನಲ್ಲಿ ದೊಡ್ಡ ಕೆಲಸ ಶುರುವಾಗಿ, 1854ರ ಮಾರ್ಚ್ 24ರಂದು ಕಲ್ಕತ್ತಾ ಮತ್ತು ಆಗ್ರಾ ನಡುವೆ ಸಂದೇಶ ಹರಿಯಿತು. ನಂತರ ಬೊಂಬಾಯಿ, ಮದರಾಸು, ಬೆಂಗಳೂರು, ಊಟಿಯೂ ಸೇರಿ ಸುಮಾರು 4000 ಮೈಲಿಯ ಜಾಲವಾಯ್ತು. ಬೊಂಬಾಯಿ ಕಡೆಯಿಂದ ದಕ್ಷಿಣಕ್ಕೆ ಬಂದ ಆ ತಂತಿ ನಮ್ಮ ತುಂಗಭದ್ರೆಯನ್ನೂ ದಾಟಲೇಬೇಕಿತ್ತು. ಡ್ಯಾಮ್ ಗೇಟ್ ತೆಗೆದಾಗ ಕಂಪ್ಲಿ ಸೇತುವೆ ಮುಳುಗೋದನ್ನು ಕಂಡವರು, ಡ್ಯಾಮೇ ಇಲ್ಲದ ಕಾಲದ ಮಳೆಗಾಲದ ಹೊಳೆಯನ್ನು ಊಹಿಸಿಕೊಳ್ಳಿ.

ಅಷ್ಟು ದೂರ ಸಂಕೇತ ಒಂದೇ ಓಟದಲ್ಲಿ ಹೋಗ್ತಿರಲಿಲ್ಲ, ಶಕ್ತಿ ಕುಂದುತ್ತಿತ್ತು. ನಡುವಿನ ಠಾಣೆಯವರು ಬಂದ ಸಂದೇಶವನ್ನು ಬರೆದುಕೊಂಡು ಮತ್ತೆ ಮುಂದಕ್ಕೆ ಕಳಿಸ್ತಿದ್ದರು. ಇವತ್ತು ರೂಟರ್ ಪ್ಯಾಕೆಟ್ ಹಿಡಿದಿಟ್ಟು ಮುಂದೆ ದಾಟಿಸೋದೂ ಹೆಚ್ಚುಕಡಿಮೆ ಇದೇ ಕೆಲಸ. ಆ ಠಾಣೆಯ ಗುಮಾಸ್ತನನ್ನು ನೆನೆದರೆ ಸ್ಟೋರ್ ಆಂಡ್ ಫಾರ್ವರ್ಡ್ ಅನ್ನೋದನ್ನು ಬಾಯಿಪಾಠ ಮಾಡಬೇಕಿಲ್ಲ.

1856ರಲ್ಲಿ ಅವರಿಗೆ ಸರ್ ಪದವಿ ಬಂತು. ಅದೇ ಹೊತ್ತಿಗೆ ತಮ್ಮ ಸೂಜಿ ಉಪಕರಣಕ್ಕಿಂತ ಮೋರ್ಸ್ ಪದ್ಧತಿ ಮೇಲು ಅಂತ ಅವರಿಗೆ ಮನವರಿಕೆಯಾಯ್ತು. ಹಟ ಹಿಡಿಯದೆ ತಮ್ಮದನ್ನು ಕೈಬಿಟ್ಟು, ಹೊಸದನ್ನು ತಂದರು. ಎಲ್ಲರೂ ಒಂದೇ ಪ್ರೋಟೋಕಾಲ್ ಆಡಿದರೇ ಜಾಲ, ಅಲ್ವಾ?

ಈ ಕಥೆಗೆ ಇನ್ನೊಂದು ಮುಖವೂ ಇದೆ. 1857ರಲ್ಲಿ ದಂಗೆ ಎದ್ದಾಗ ಬ್ರಿಟಿಷರಿಗೆ ಈ ತಂತಿ ದೊಡ್ಡ ಬಲವಾಯ್ತು. ಅದಕ್ಕೇ ದಂಗೆ ಎದ್ದವರು ಸಿಕ್ಕಲ್ಲಿ ಅದನ್ನು ಕತ್ತರಿಸಿದರು. ಮರುವರ್ಷ ಹೊಸಪೇಟೆ ಪಕ್ಕದ ಕೊಪ್ಪಳದ ಕೋಟೆಯಲ್ಲಿ ಮುಂಡರಗಿ ಭೀಮರಾಯರು ಹೋರಾಡಿ ಮಡಿದರು. ಓಶಾನೆಸ್ಸಿಯ ಜಾಣ್ಮೆಯನ್ನು ಮೆಚ್ಚುತ್ತಲೇ ನಾವು ಇದನ್ನೂ ನೆನಪಿಡಬೇಕು. ಜಾಲ ಯಾರ ಕೈಯಲ್ಲಿದೆ ಅನ್ನೋದು ಸಿಲಬಸ್‌ನಲ್ಲಿ ಇಲ್ಲದಿದ್ದರೂ ಕೇಳಲೇಬೇಕಾದ ಪ್ರಶ್ನೆ.

ಆಮೇಲೆ ಅವರು ಇಂಗ್ಲೆಂಡಿಗೆ ಮರಳಿ, 1861ರಲ್ಲಿ ಹೆಸರಿಗೆ ಬ್ರೂಕ್ ಅಂತ ಸೇರಿಸಿಕೊಂಡು, 1889ರ ಜನವರಿಯಲ್ಲಿ ಸೌತ್‌ಸೀಯಲ್ಲಿ ತೀರಿಕೊಂಡರು. ಅವರು ಶುರು ಮಾಡಿದ ತಂತಿ ಸೇವೆ 2013ರ ಜುಲೈವರೆಗೆ ನಡೆಯಿತು.

ಹಾಗಾದರೆ ನಾವು ಎಲ್ಲಿಂದ ಶುರು ಮಾಡೋದು? ಅವರು ಮಾಡಿದಲ್ಲಿಂದಲೇ. ಬಿದಿರು ಬೇಕಿಲ್ಲ, ಎರಡು ಲ್ಯಾಪ್‌ಟಾಪ್, ಒಂದು ಕೇಬಲ್ ಸಾಕು. ಎರಡಕ್ಕೂ ಐಪಿ ಅಡ್ರೆಸ್ ಕೊಟ್ಟು, ಒಂದರಿಂದ ಇನ್ನೊಂದಕ್ಕೆ ಪಿಂಗ್ ಮಾಡಿ. ಉತ್ತರ ಬರದಿದ್ದರೆ ಮೊದಲು ತಂತಿ ನೋಡಿ, ಆಮೇಲೆ ಅಡ್ರೆಸ್, ಆಮೇಲೆ ಫೈರ್‌ವಾಲ್. ಉತ್ತರ ಬಂದರೆ ಕೇಬಲ್ ಕಿತ್ತು, ಏನಾಗುತ್ತೆ ಅಂತ ನೋಡಿ. ಏಳು ಪದರಗಳಲ್ಲಿ ಮೊದಲನೆಯದು ಅಲ್ಲಿ ನಿಮ್ಮ ಕೈಯಲ್ಲೇ ಇರುತ್ತೆ.